ಹಪ್ಪಳದ ವ್ಯಾಪಾರಕ್ಕೆ ಆ್ಯಪ್ ಬೇಕೆ?



ತಾಲ್ಲೂಕು ಊರೊಂದರಿಂದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಎರಡನ್ನೂ ಬಿಟ್ಟಿದ್ದೇನೆ. ಆರು ವರ್ಷದಿಂದ ಮನೆಯಲ್ಲೇ ಉದ್ದಿನ ಹಪ್ಪಳ, ಅರಳು ಸಂಡಿಗೆ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾರಂತೆ. ಖಾಯಂ ಆಗಿ ಕೊಳ್ಳುವವರು 70 ಮನೆಯವರು. ಲಟ್ಟಿಸುವುದಕ್ಕೆ ಅಕ್ಕಪಕ್ಕದ ಇಬ್ಬರು ಹೆಂಗಸರು ಬರುತ್ತಾರೆ. ಈಗ ಅವರ ಮಗ, "ಅಮ್ಮಾ, ಆ್ಯಪ್ ಇಲ್ಲದೆ ಈ ಕಾಲದಲ್ಲಿ ಯಾವ ವ್ಯಾಪಾರವೂ ನಡೆಯೋಲ್ಲ" ಅಂತ ಹಟ ಹಿಡಿದಿದ್ದಾನೆ. ಮಾಡಿಕೊಡುವವರು ಒಂದೂವರೆ ಲಕ್ಷ ರೂಪಾಯಿ ಕೇಳಿದ್ದಾರೆ. ಯಜಮಾನರು "ನಿನಗೆ ತೋಚಿದ ಹಾಗೆ ಮಾಡು" ಎಂದು ಪೇಪರ್ ಹಿಡಿದು ಕೂತಿದ್ದಾರೆ. ತವರಿನವರು ಕೊಟ್ಟ ಎರಡು ಜೊತೆ ಬಳೆ ಇವೆ, ಅಡ ಇಡಲೇ ಎಂಬುದು ಅವರ ಪ್ರಶ್ನೆ. ಜೊತೆಗೆ, "ವೆಬ್ ಆ್ಯಪ್ ಅಂತ ಇನ್ನೊಂದಿದೆಯಂತೆ, ಅದು ಅಗ್ಗವಂತೆ. ಅದೇ ಸಾಕೋ, ಇದೇ ಬೇಕೋ?" ಎಂದೂ ಕೇಳಿದ್ದಾರೆ.

ಅಡುಗೆ, ಹೊಲಿಗೆ, ಸಂಸಾರದ ಮಾತು ಬಿಟ್ಟು ಇದೇನಪ್ಪ ಎಂದು ಹುಬ್ಬೇರಿಸಬೇಡಿ. ಇದೂ ಸಂಸಾರದ ಮಾತೇ. ಸೀರೆಗೆ ಕುಚ್ಚು ಕಟ್ಟುವವರು, ರವಿಕೆ ಹೊಲಿಯುವವರು, ಊಟದ ಡಬ್ಬಿ ಕಳಿಸುವವರು, ಹೋಳಿಗೆ ತಟ್ಟುವವರು ನಮ್ಮಲ್ಲಿ ಎಷ್ಟು ಜನ! ಎಲ್ಲರ ಮನೆ ಬಾಗಿಲಿಗೂ ಇಂದಲ್ಲ ನಾಳೆ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾಳೆ. ಅವಳು ರಜಕ್ಕೆ ಬಂದಾಗ ಎದುರಿಗೆ ಕೂರಿಸಿಕೊಂಡು, ನನಗೆ ಅರ್ಥವಾಗುವ ತನಕ ಬಿಡದೆ ಕೇಳಿ ತಿಳಿದುಕೊಂಡೆ. ಅದನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಎರಡಕ್ಕೂ ಏನು ವ್ಯತ್ಯಾಸ?

ಮೊಬೈಲ್ ಆ್ಯಪ್ ಎಂದರೆ ಫೋನಿನೊಳಗೆ ತಂದು ಇಟ್ಟುಕೊಳ್ಳುವಂಥದು. ಗಿರಾಕಿ ಪ್ಲೇ ಸ್ಟೋರಿಗೆ ಹೋಗಿ, ಹುಡುಕಿ, ಇಳಿಸಿಕೊಳ್ಳಬೇಕು. ಅದು ಅವರ ಫೋನಿನಲ್ಲಿ ಜಾಗ ಹಿಡಿಯುತ್ತದೆ. ಗಿರಾಕಿಯ ಮನೆಯೊಳಗೇ ನಮ್ಮದೊಂದು ಪುಟ್ಟ ಕಪಾಟು ಇಟ್ಟು ಬಂದ ಹಾಗೆ ಅನ್ನಿ.

ವೆಬ್ ಆ್ಯಪ್ ಎಂದರೆ ಇಳಿಸಿಕೊಳ್ಳುವ ಕೆಲಸವಿಲ್ಲದ್ದು. ಒಂದು ಲಿಂಕ್ ಇರುತ್ತದೆ. ಅದನ್ನು ಒತ್ತಿದರೆ ಫೋನಿನಲ್ಲಿ ಮೊದಲೇ ಇರುವ ಕ್ರೋಮ್‌ನಂಥ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಪದಾರ್ಥ ನೋಡಬಹುದು, ಆರ್ಡರ್ ಕೊಡಬಹುದು, ಹಣವನ್ನೂ ಕಟ್ಟಬಹುದು. ಇದು ನಮ್ಮ ಮನೆಯ ಜಗಲಿ ಇದ್ದ ಹಾಗೆ. ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ಬಂದು ಕೂತು, ಬೇಕಾದ್ದು ಕೇಳಿ, ಎದ್ದು ಹೋಗಬಹುದು.

ಇನ್ನೂ ಅರ್ಥವಾಗಲಿಲ್ಲವೇ? 2023ರಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕಿದ್ದು ನೆನಪು ಮಾಡಿಕೊಳ್ಳಿ. ಸೇವಾ ಸಿಂಧು ಜಾಲತಾಣ ತೆರೆದು, ಕರೆಂಟ್ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ತುಂಬಿ ಕಳಿಸಿದೆವು. ಅದಕ್ಕಾಗಿ ಫೋನಿನೊಳಗೆ ಏನನ್ನೂ ಇಳಿಸಿಕೊಳ್ಳಬೇಕಾಗಿರಲಿಲ್ಲ. ಅದು ವೆಬ್ಬಿನ ದಾರಿ.

ಇನ್ನು ತರಕಾರಿಯವನಿಗೆ ದುಡ್ಡು ಕಳಿಸುವ ಫೋನ್‌ಪೇ, ಗೂಗಲ್ ಪೇ ತೆಗೆದುಕೊಳ್ಳಿ. ಅವು ಆ್ಯಪ್. ಅವು ಹಾಗಿರುವುದಕ್ಕೆ ಕಾರಣವೂ ಇದೆ. ನಮ್ಮ ಬ್ಯಾಂಕ್ ಖಾತೆಗೆ ಕೊಟ್ಟ ನಂಬರಿನ ಸಿಮ್ ಇದೇ ಫೋನಿನಲ್ಲಿ ಇದೆಯೇ ಎಂದು ಅವು ಮೊದಲು ಫೋನಿನಿಂದಲೇ ಒಂದು ಎಸ್‌ಎಂಎಸ್ ಕಳಿಸಿ ನೋಡಿಕೊಳ್ಳುತ್ತವೆ. ಆಮೇಲೇ ದುಡ್ಡಿನ ವ್ಯವಹಾರ. ಫೋನಿನ ಒಳಗೆ ಕೈ ಹಾಕಿ ಮಾಡುವ ಇಂಥ ಕೆಲಸಕ್ಕೆ ಆ್ಯಪೇ ಬೇಕು. ಗಾಡಿ ಎಲ್ಲಿ ಹೋಗುತ್ತಿದೆ ಎಂದು ದಾರಿಯುದ್ದಕ್ಕೂ ತೋರಿಸುವುದು, ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ದಿನವಿಡೀ ಲೆಕ್ಕ ಬರೆದುಕೊಳ್ಳುವುದು, ಇಂಥವಕ್ಕೂ ಆ್ಯಪ್ ಅನುಕೂಲ.

ಈಗ ನೀವೇ ಹೇಳಿ, ಅರ್ಧ ಕೆ.ಜಿ. ಹುಳಿಪುಡಿ ಬೇಕು ಅಂತ ತಿಳಿಸುವುದಕ್ಕೆ ಫೋನಿನ ಒಳಗೆ ಕೈ ಹಾಕುವ ಅಗತ್ಯ ಏನಿದೆ?

ದೊಡ್ಡ ಅಂಗಡಿಯವರ ಕಥೆ

"ದೊಡ್ಡ ದೊಡ್ಡವರೆಲ್ಲ ಆ್ಯಪ್ ಇಟ್ಟುಕೊಂಡಿದ್ದಾರಲ್ಲ?" ಎಂದು ಮಗ ಕೇಳಬಹುದು. ಕೇಳಲಿ. ಆ ದೊಡ್ಡವರಿಗೇ ಏನಾಯಿತೆಂದು ಅವನಿಗೆ ಹೇಳಿ.

ನಮ್ಮ ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ, ಎರಡರ ವಿಷಯ ಇದು. 2015ರಲ್ಲಿ ಫ್ಲಿಪ್‌ಕಾರ್ಟ್‌ನವರು ಫೋನಿನ ಬ್ರೌಸರಿನಲ್ಲಿ ತೆರೆಯುತ್ತಿದ್ದ ತಮ್ಮ ಜಾಲತಾಣವನ್ನು ನಿಲ್ಲಿಸಿದರು. ಫೋನಿನಿಂದ ಬಂದವರು ಆ್ಯಪನ್ನೇ ಇಳಿಸಿಕೊಳ್ಳಬೇಕಾಯಿತು. ಬಟ್ಟೆಬರೆ ಮಾರುವ ಮಿಂತ್ರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದೇ 2015ರ ಮೇ ತಿಂಗಳಲ್ಲಿ ಕಂಪ್ಯೂಟರಿನ ಜಾಲತಾಣವನ್ನೂ ಮುಚ್ಚಿ, ಆ್ಯಪ್ ಇದ್ದರೆ ಮಾತ್ರ ವ್ಯಾಪಾರ ಎಂದಿತು.

ಎಷ್ಟು ದಿನ ನಡೆಯಿತು ಗೊತ್ತೇ? ಫ್ಲಿಪ್‌ಕಾರ್ಟ್ ಅದೇ ವರ್ಷ ನವೆಂಬರಿನಲ್ಲಿ ಫೋನಿನ ಜಾಲತಾಣವನ್ನು ಮತ್ತೆ ತೆರೆಯಿತು. ಅದಕ್ಕೆ ಫ್ಲಿಪ್‌ಕಾರ್ಟ್ ಲೈಟ್ ಎಂದು ಹೆಸರಿಟ್ಟರು. ಬ್ರೌಸರಿನಲ್ಲೇ ತೆರೆದರೂ ಆ್ಯಪಿನಂತೆ ನಡೆಯುವ ವೆಬ್ ಆ್ಯಪ್ ಅದು. ಮಿಂತ್ರಾ 2016ರ ಜೂನ್ ತಿಂಗಳಲ್ಲಿ ಕಂಪ್ಯೂಟರಿನ ಜಾಲತಾಣವನ್ನು ಮರಳಿ ತೆರೆಯಿತು. ಒಂದು ವರ್ಷದ ಮಾತು, ಅಷ್ಟೇ.

ಕೊಳ್ಳುವವರೆಲ್ಲರೂ ಆ್ಯಪ್ ಇಳಿಸಿಕೊಳ್ಳುವುದಿಲ್ಲ. ಒಬ್ಬರ ಫೋನಿನಲ್ಲಿ ಜಾಗವಿಲ್ಲ, ಇನ್ನೊಬ್ಬರ ಊರಿನಲ್ಲಿ ನೆಟ್‌ವರ್ಕ್ ನಿಧಾನ, ಮತ್ತೊಬ್ಬರಿಗೆ ಒಂದು ಸೀರೆ ನೋಡುವುದಕ್ಕೆ ಇಷ್ಟೆಲ್ಲ ರಗಳೆ ಏಕೆ ಎಂಬ ಬೇಸರ. ಬಾಗಿಲಿಗೆ ಬಂದವರನ್ನು "ಮೊದಲು ಕಪಾಟು ಇಟ್ಟುಕೊಳ್ಳಿ, ಆಮೇಲೆ ಸಾಮಾನು" ಎಂದರೆ ಎಷ್ಟು ಜನ ನಿಲ್ಲುತ್ತಾರೆ? ಫ್ಲಿಪ್‌ಕಾರ್ಟ್ ಲೈಟ್ ಬಂದ ಮೇಲೆ ಡೇಟಾ ಖರ್ಚು ಮೂರರಲ್ಲಿ ಒಂದು ಪಾಲಿಗೆ ಇಳಿಯಿತೆಂದೂ, ಅದರ ಗುರುತನ್ನು ಫೋನಿನ ಮುಖಪರದೆಗೆ ಸೇರಿಸಿಕೊಂಡು ಅಲ್ಲಿಂದ ಬಂದವರು ಕೊಳ್ಳುವ ಪ್ರಮಾಣ ಶೇಕಡಾ 70ರಷ್ಟು ಹೆಚ್ಚಿತ್ತೆಂದೂ ಲೆಕ್ಕ ಹೊರಬಂತು.

ಈಗಲೂ ಅವರಲ್ಲಿ ಆ್ಯಪೂ ಇದೆ, ಜಾಲತಾಣವೂ ಇದೆ. ಅವರಿಗೆ ಕೋಟಿಗಟ್ಟಲೆ ಬಂಡವಾಳವುಂಟು, ಎರಡನ್ನೂ ಸಾಕುತ್ತಾರೆ. ನಾವು ಒಂದನ್ನೇ ಆರಿಸಿಕೊಳ್ಳಬೇಕಾದಾಗ ಯಾವುದು ಮೊದಲು ಎಂಬುದೇ ಪ್ರಶ್ನೆ.

ಖರ್ಚಿನ ಪಟ್ಟಿ

ಮಾರುಕಟ್ಟೆಗೆ ಹೊರಡುವಾಗ ಚೀಟಿ ಬರೆಯುತ್ತೇವಲ್ಲ, ಹಾಗೆ ಬರೆಯೋಣ.

ಆ್ಯಪಿಗೆ: ಆಂಡ್ರಾಯ್ಡ್ ಫೋನಿಗೆ ಒಂದು, ಐಫೋನಿಗೆ ಇನ್ನೊಂದು ಸಿದ್ಧಪಡಿಸಬೇಕು. ನಮ್ಮೂರಲ್ಲಿ ಐಫೋನ್ ಇಟ್ಟವರು ಕಡಿಮೆ ಇರಬಹುದು. ಆದರೆ ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಇರುವ ಮಕ್ಕಳೇ ಅಲ್ಲವೇ ಹಬ್ಬಕ್ಕೆ ಹೆಚ್ಚು ಆರ್ಡರ್ ಕೊಡುವವರು? ಪ್ಲೇ ಸ್ಟೋರಿನಲ್ಲಿ ಖಾತೆ ತೆರೆಯಲು ಗೂಗಲ್‌ಗೆ ಒಂದೇ ಸಲ 25 ಡಾಲರ್ ಕಟ್ಟಬೇಕು. ಆಪಲ್‌ಗಾದರೆ ಪ್ರತಿ ವರ್ಷ 99 ಡಾಲರ್, ಅಂದರೆ ಎಂಟು ಸಾವಿರ ರೂಪಾಯಿಗೂ ಮೇಲೆ.

ದುಡ್ಡು ಕಟ್ಟಿದ ತಕ್ಷಣ ಕೆಲಸ ಆಗುವುದಿಲ್ಲ. 2023ರ ನವೆಂಬರ್ 13ರ ನಂತರ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ತೆರೆದ ಹೊಸ ಖಾತೆಗೆ ಗೂಗಲ್ ಒಂದು ನಿಯಮ ಮಾಡಿತು. ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಕೆಲವರು ಸತತವಾಗಿ 14 ದಿನ ಪರೀಕ್ಷೆ ಮಾಡಿ ನೋಡಬೇಕು. ಮೊದಲು 20 ಜನ ಎಂದಿದ್ದರು, 2024ರ ಕೊನೆಯಲ್ಲಿ ಅದನ್ನು 12ಕ್ಕೆ ಇಳಿಸಿದರು. ಮಾಡಿಕೊಡುವವರು "ನಾಳೆಯೇ ಪ್ಲೇ ಸ್ಟೋರಿನಲ್ಲಿ ಬಂದುಬಿಡುತ್ತೆ ಮೇಡಂ" ಅಂದರೆ ಈ 14 ದಿನದ ವಿಷಯ ಕೇಳಿ ನೋಡಿ. ಅವರಿಗೆ ಎಷ್ಟು ಗೊತ್ತಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಆಮೇಲೆ ವರ್ಷವರ್ಷದ ಉಸ್ತುವಾರಿ. ಆಂಡ್ರಾಯ್ಡ್ ಪ್ರತಿ ವರ್ಷ ಹೊಸದಾಗುತ್ತದೆ. ಆ್ಯಪನ್ನೂ ಅದಕ್ಕೆ ಸರಿಯಾಗಿ ತಿದ್ದಿಸುತ್ತಿರಬೇಕು. ಹಿಂದೆ ಬಿದ್ದ ಆ್ಯಪು ಹೊಸ ಫೋನ್ ಕೊಂಡವರಿಗೆ ಸ್ಟೋರಿನಲ್ಲಿ ಕಾಣಿಸುವುದೇ ಇಲ್ಲ. ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಹೊಡೆಸುವ ಖರ್ಚು ಇದ್ದ ಹಾಗೆ, ತಪ್ಪಿಸುವಂತಿಲ್ಲ.

ಇಲ್ಲಿ ಒಂದು ಸುಳ್ಳು ಭಯವನ್ನೂ ತೆಗೆದುಬಿಡುತ್ತೇನೆ. "ಆ್ಯಪಿನಲ್ಲಿ ಮಾರಿದರೆ ಗೂಗಲ್‌ನವರು ಮಾರಾಟದಲ್ಲಿ ಪಾಲು ಕೇಳುತ್ತಾರೆ" ಎಂದು ಕೆಲವರು ಹೆದರಿಸುತ್ತಾರೆ. ಆ ಪಾಲು ಆಟ, ಹಾಡು, ಸಿನಿಮಾ ಥರದ, ಫೋನಿನೊಳಗೇ ಬಳಸುವ ಸರಕಿಗೆ. ಹಪ್ಪಳ, ಸೀರೆಯಂಥ ಕೈಗೆ ಸಿಗುವ ಸಾಮಾನಿಗೆ ಅದು ಅನ್ವಯಿಸುವುದಿಲ್ಲ.

ವೆಬ್ ಆ್ಯಪಿಗೆ: ಒಂದೇ ಸಲ ಮಾಡಿಸಿದರೆ ಆಂಡ್ರಾಯ್ಡ್, ಐಫೋನ್, ಕಂಪ್ಯೂಟರ್ ಎಲ್ಲದರಲ್ಲೂ ತೆರೆಯುತ್ತದೆ. ಸ್ಟೋರಿನವರ ಅಪ್ಪಣೆ ಬೇಡ. ಉದ್ದಿನಬೇಳೆ ದುಬಾರಿಯಾಗಿ ಬೆಲೆ ಬದಲಾಯಿಸಿದರೆ ಅದೇ ಕ್ಷಣ ಎಲ್ಲರಿಗೂ ಹೊಸ ಬೆಲೆ ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕುವವರ ಕಣ್ಣಿಗೂ ಬೀಳುವ ಅವಕಾಶ ಇದೆ. ಜಾಲತಾಣದ ಹೆಸರಿಗೆ, ಅಂದರೆ ಡೊಮೇನ್‌ಗೆ, ವರ್ಷಕ್ಕೊಮ್ಮೆ ಹಣ ಕಟ್ಟಬೇಕು. ಸಾಮಾನ್ಯವಾದ ಹೆಸರಾದರೆ ಅದು ಸಾವಿರ ರೂಪಾಯಿಯ ಆಸುಪಾಸು. ಮೊದಲ ವರ್ಷ ಅಗ್ಗವಾಗಿ ಕೊಟ್ಟು ಎರಡನೇ ವರ್ಷ ಬೆಲೆ ಏರಿಸುವ ರೂಢಿ ಇದೆ. ಆದ್ದರಿಂದ ಎರಡನೇ ವರ್ಷದ ದರ ಎಷ್ಟು ಎಂದು ಮೊದಲೇ ಕೇಳಿ. ಅದನ್ನು ಇಡುವ ಜಾಗಕ್ಕೆ, ಅಂದರೆ ಹೋಸ್ಟಿಂಗ್‌ಗೆ, ಬೇರೆ ಬಾಡಿಗೆ ಇರುತ್ತದೆ.

ಕೊರತೆಯೂ ಉಂಟು, ಮುಚ್ಚಿಡುವುದಿಲ್ಲ. ನೆಟ್ ಇಲ್ಲದಿದ್ದರೆ ಸಾಮಾನ್ಯವಾಗಿ ವೆಬ್ ಆ್ಯಪ್ ನಡೆಯುವುದಿಲ್ಲ. ಜಾಣತನದಿಂದ ಮಾಡಿದ್ದರೆ ಕೊನೆಯ ಸಲ ನೋಡಿದ ಪುಟವನ್ನಾದರೂ ತೋರಿಸುತ್ತದೆ. ಇನ್ನೊಂದು, ಗಿರಾಕಿ ಲಿಂಕನ್ನೇ ಮರೆತುಬಿಡಬಹುದು. ಅದಕ್ಕೆ ಉಪಾಯವಿದೆ. ಕ್ರೋಮ್‌ನಲ್ಲಿ ಮೇಲೆ ಬಲಗಡೆ ಇರುವ ಮೂರು ಚುಕ್ಕೆ ಒತ್ತಿ "ಆ್ಯಡ್ ಟು ಹೋಮ್ ಸ್ಕ್ರೀನ್" ಎಂಬುದನ್ನು ಆರಿಸಿದರೆ ಆ್ಯಪಿನ ಹಾಗೆಯೇ ಒಂದು ಗುರುತು ಫೋನಿನ ಮುಖಪರದೆಯ ಮೇಲೆ ಕೂರುತ್ತದೆ. ಹೀಗೆ ಸೇರಿಸಿಕೊಂಡವರಿಗೆ "ಯುಗಾದಿ ಹೋಳಿಗೆ ಸಿದ್ಧ" ಎಂಬ ಸೂಚನೆಯನ್ನೂ ಕಳಿಸಬಹುದು. ಐಫೋನಿನಲ್ಲಿ ಈ ಅನುಕೂಲ ಬಂದದ್ದು 2023ರಲ್ಲಿ.

ಬಳೆಯ ಲೆಕ್ಕ

ಈಗ ಪತ್ರ ಬರೆದ ಸೋದರಿಯ ಲೆಕ್ಕಕ್ಕೆ ಬರೋಣ. ಒಂದು ಪ್ಯಾಕೆಟ್ ಹಪ್ಪಳಕ್ಕೆ ಬೇಳೆ, ಕೂಲಿ, ಕವರು ಎಲ್ಲ ಕಳೆದು 20 ರೂಪಾಯಿ ಉಳಿಯುತ್ತದೆ ಎಂದು ಅವರೇ ಬರೆದಿದ್ದಾರೆ. ಒಂದೂವರೆ ಲಕ್ಷ ವಾಪಸು ಬರಬೇಕಾದರೆ 7,500 ಪ್ಯಾಕೆಟ್ ಮಾರಬೇಕು. 70 ಮನೆಯವರು ತಿಂಗಳಿಗೆ ಎರಡೆರಡು ಕೊಂಡರೆ 140 ಪ್ಯಾಕೆಟ್. ಹಾಗಾದರೆ ಅಸಲು ತೀರುವುದಕ್ಕೇ ಸುಮಾರು ನಾಲ್ಕೂವರೆ ವರ್ಷ! ಬಳೆಯ ಮೇಲಿನ ಬಡ್ಡಿ ಇದರಲ್ಲಿ ಸೇರಿಲ್ಲ. ವರ್ಷವರ್ಷದ ಉಸ್ತುವಾರಿಯೂ ಸೇರಿಲ್ಲ. ಅಲ್ಲಿಯವರೆಗೆ ಅವರು ಲಟ್ಟಿಸಿದ್ದೆಲ್ಲ ಆ್ಯಪಿನ ಹೊಟ್ಟೆಗೆ.

"ಆ್ಯಪ್ ಬಂದರೆ ಗಿರಾಕಿ ಹೆಚ್ಚುತ್ತಾರಲ್ಲ?" ಎನ್ನಬಹುದು. ಆ್ಯಪ್ ತಾನಾಗಿ ಗಿರಾಕಿಗಳನ್ನು ಕರೆತರುವುದಿಲ್ಲ, ಸೋದರಿ. ಪ್ಲೇ ಸ್ಟೋರಿನಲ್ಲಿರುವ ಲಕ್ಷಗಟ್ಟಲೆ ಆ್ಯಪುಗಳ ನಡುವೆ ನಿಮ್ಮ ಹಪ್ಪಳವನ್ನು ಯಾರು ಹೋಗಿ ಹುಡುಕುತ್ತಾರೆ? ನಿಮ್ಮ ಹೆಸರು ಮೊದಲೇ ಗೊತ್ತಿದ್ದವರು ಮಾತ್ರ ಇಳಿಸಿಕೊಳ್ಳುತ್ತಾರೆ. ಅವರೂ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಹಪ್ಪಳ ಎರಡು ತಿಂಗಳಿಗೊಮ್ಮೆ ಕೊಳ್ಳುವ ಪದಾರ್ಥ. ಮೊಮ್ಮಗುವಿನ ಫೋಟೋಗಳಿಗೆ ಜಾಗ ಸಾಲದೆ ಹೋದ ದಿನ ಮೊದಲು ಹೊರಗೆ ಹೋಗುವುದು ನಿಮ್ಮ ಆ್ಯಪೇ.

ನಾನು ಕಂಡುಕೊಂಡ ನಿಯಮ ಇಷ್ಟು: ಗಿರಾಕಿ ದಿನಾ ಬರುತ್ತಾರೋ, ಹಬ್ಬಕ್ಕೆ ಬರುತ್ತಾರೋ ಎಂದು ಮೊದಲು ನೋಡಿ. ದಿನಾ ಹಾಲು ಹಾಕಿಸಿಕೊಳ್ಳುವವರು, ದಿನಾ ಊಟದ ಡಬ್ಬಿ ತರಿಸುವವರು ನೂರಾರು ಜನ ಇದ್ದು, "ಇವತ್ತು ಬೇಡ, ನಾಳೆ ಎರಡು" ಎಂದು ಬದಲಾಯಿಸುತ್ತಲೇ ಇದ್ದರೆ ಮುಂದೊಂದು ದಿನ ಆ್ಯಪಿನ ಯೋಚನೆ ಮಾಡಬಹುದು. ತಿಂಗಳಿಗೆ, ಹಬ್ಬಕ್ಕೆ, ಮದುವೆಗೆ ಬರುವ ಗಿರಾಕಿಗಳಿಗೆ ಲಿಂಕೇ ಸಾಕು. ಗಿರಾಕಿ ಹುಟ್ಟುವ ಮೊದಲೇ ಆ್ಯಪ್ ಮಾಡಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಆದ್ದರಿಂದ ಬಳೆ ನಿಮ್ಮ ಕೈಯಲ್ಲೇ ಇರಲಿ. ಮಗನ ಮೇಲೂ ಸಿಟ್ಟಾಗಬೇಡಿ. ಅಮ್ಮನ ವ್ಯಾಪಾರ ಬೆಳೆಯಲಿ ಅಂತ ತಾನೇ ಅವನು ಹೇಳುತ್ತಿರುವುದು? ಅವನ ಉತ್ಸಾಹವನ್ನು ಕೆಳಗೆ ಹೇಳಿದ ಕೆಲಸಕ್ಕೆ ಹಚ್ಚಿ.

ಹಂತ ಹಂತವಾಗಿ ಹೀಗೆ ಮಾಡಿ

ಮೊದಲನೆಯದಾಗಿ, ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಎಳೆದು ಬರೆಯಿರಿ. ಯಾರು ಕೊಂಡರು, ಎಷ್ಟನೇ ಸಲ ಕೊಂಡರು, ಆರ್ಡರ್ ಹೇಗೆ ಬಂತು (ಫೋನೋ, ವಾಟ್ಸ್‌ಆ್ಯಪೋ, ಮನೆಗೇ ಬಂದರೋ), ಯಾವ ಆರ್ಡರ್ ತಪ್ಪಿಹೋಯಿತು, ಯಾಕೆ. ಕೊನೆಯ ಕಲಂ ಬಹಳ ಮುಖ್ಯ. ಹಿಟ್ಟು ಮುಗಿದಿದ್ದರಿಂದ ಆರ್ಡರ್ ತಪ್ಪಿದ್ದರೆ ಯಾವ ಆ್ಯಪೂ ಅದಕ್ಕೆ ಮದ್ದಲ್ಲ. ಲಟ್ಟಿಸಲು ಇನ್ನೊಂದು ಕೈ ಬೇಕು, ಅಷ್ಟೇ.

ಎರಡನೆಯದು, ಪುಕ್ಕಟೆ ಸಿಗುವುದನ್ನು ಪೂರ್ತಿ ಬಳಸಿ. ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬುದು 2018ರಿಂದ ಇದೆ. ಅದರಲ್ಲಿ ಕ್ಯಾಟಲಾಗ್ ಎಂದು ಒಂದು ಪಟ್ಟಿ ಮಾಡಬಹುದು, 500 ಪದಾರ್ಥಗಳವರೆಗೆ ಫೋಟೋ, ಬೆಲೆ ಸಮೇತ ಹಾಕಬಹುದು. ಹಣಕ್ಕೆ ಯುಪಿಐ ಕ್ಯೂಆರ್ ಕೋಡ್ ಇದ್ದೇ ಇದೆ. ನನ್ನ ಅಂದಾಜಿನಲ್ಲಿ 70 ಮನೆಯ ವ್ಯಾಪಾರವನ್ನು ಇಷ್ಟರಲ್ಲೇ ಚೊಕ್ಕವಾಗಿ ನಡೆಸಬಹುದು.

ಮೂರನೆಯದು, ಆರ್ಡರುಗಳು ವಾಟ್ಸ್‌ಆ್ಯಪಿನಲ್ಲಿ ಒಂದರ ಮೇಲೊಂದು ಬಿದ್ದು ಗೊಂದಲವಾಗಲು ಶುರುವಾದರೆ ಆಗ ವೆಬ್ ಆ್ಯಪ್ ಮಾಡಿಸಿ. ಕಂಪ್ಯೂಟರ್ ಓದುತ್ತಿರುವ ಹುಡುಗ ಹುಡುಗಿಯರು ಈಗ ಪ್ರತಿ ಊರಿನಲ್ಲೂ ಇದ್ದಾರೆ. ಪದಾರ್ಥದ ಪಟ್ಟಿ, ಬೆಲೆ, ಎಷ್ಟು ಬೇಕು, ವಿಳಾಸ, ಹಣ ಕಟ್ಟುವ ದಾರಿ, ಇಷ್ಟಿದ್ದರೆ ಧಾರಾಳವಾಯಿತು. ಕನ್ನಡದಲ್ಲೇ ಇರಲಿ, ಅಕ್ಷರ ದೊಡ್ಡದಾಗಿರಲಿ. ಕನ್ನಡಕ ಹುಡುಕದೆ ಓದುವಂತಿದ್ದರೆ ಅತ್ತೆಯವರೂ ಆರ್ಡರ್ ಕೊಡುತ್ತಾರೆ.

ನಾಲ್ಕನೆಯದು, ಪ್ಯಾಕೆಟ್ಟಿನ ಮೇಲೆ ಅಂಟಿಸುವ ಚೀಟಿಯಲ್ಲಿ ಆ ಲಿಂಕಿನ ಕ್ಯೂಆರ್ ಕೋಡ್ ಹಾಕಿಸಿ. ಈ ಚೌಕಳಿ ಗುರುತನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಕಂಡುಹಿಡಿದರಂತೆ. ಈಗ ನಮ್ಮ ಹುಳಿಪುಡಿಗೂ ಅದು ನೆರವಾಗುತ್ತಿದೆ! ಡಬ್ಬಿಗೆ ಸುರಿದುಕೊಂಡು ಪ್ಯಾಕೆಟ್ ಮುಗಿದಾಗ ಫೋನ್ ಹಿಡಿದರೆ ಸಾಕು, ನಿಮ್ಮ ಜಗಲಿಗೆ ಬಂದುಬಿಡುತ್ತಾರೆ. ಅದೇ ಚೀಟಿಯ ಮೇಲೆ ಆಹಾರ ಇಲಾಖೆಯ ನೋಂದಣಿಯ 14 ಅಂಕಿಗಳ ನಂಬರನ್ನೂ ಹಾಕಲು ಮರೆಯಬೇಡಿ. ಮನೆಯಲ್ಲಿ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

ಎಚ್ಚರಿಕೆ

ಪ್ಲೇ ಸ್ಟೋರಿನ ತೊಂದರೆಯೇ ಬೇಡವೆಂದು ಕೆಲವರು ಆ್ಯಪನ್ನು ಎಪಿಕೆ ಎಂಬ ಫೈಲ್ ಆಗಿ ಮಾಡಿ, "ಇದನ್ನೇ ವಾಟ್ಸ್‌ಆ್ಯಪಿನಲ್ಲಿ ಎಲ್ಲರಿಗೂ ಕಳಿಸಿ" ಎನ್ನುತ್ತಾರೆ. ದಯವಿಟ್ಟು ಬೇಡ. ಮದುವೆ ಕರೆಯೋಲೆ ಅಂತಲೋ, ಟ್ರಾಫಿಕ್ ದಂಡದ ಚಲನ್ ಅಂತಲೋ ಇಂಥದೇ ಫೈಲ್ ಕಳಿಸಿ, ಒತ್ತಿದವರ ಬ್ಯಾಂಕ್ ಖಾತೆ ಬರಿದು ಮಾಡುವ ವಂಚಕರಿದ್ದಾರೆ. ಇಂಥ ಫೈಲ್ ಬಂದರೆ ತೆರೆಯಬೇಡಿ ಎಂದು ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ನೀವು ಒಳ್ಳೆಯ ಮನಸ್ಸಿನಿಂದ ಕಳಿಸಿದರೂ ಗಿರಾಕಿ ಹೆದರುತ್ತಾರೆ. ಹೆದರದಿದ್ದರೆ ಇನ್ನೂ ಅಪಾಯ. ನಿಮ್ಮ ಮೇಲಿನ ನಂಬಿಕೆಯಿಂದ ಅಭ್ಯಾಸ ಮಾಡಿಕೊಂಡು, ನಾಳೆ ಕಳ್ಳನ ಫೈಲನ್ನೂ ಒತ್ತಿಬಿಡುತ್ತಾರೆ.

ಇನ್ನು ಆ್ಯಪೇ ಇರಲಿ, ವೆಬ್ ಆ್ಯಪೇ ಇರಲಿ, ದುಡ್ಡು ಕೊಡುವ ಮೊದಲು ನಾಲ್ಕು ಮಾತು ಕಾಗದದ ಮೇಲೆ ಬರೆಸಿಕೊಳ್ಳಿ.

ಒಂದು, ಡೊಮೇನ್ ಹೆಸರು ಮತ್ತು ಸ್ಟೋರಿನ ಖಾತೆ ನಿಮ್ಮ ಹೆಸರು, ನಿಮ್ಮ ಇ-ಮೇಲ್, ನಿಮ್ಮ ಫೋನ್ ನಂಬರಿನಲ್ಲೇ ಇರಬೇಕು. ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ಅವರು ಊರು ಬಿಟ್ಟ ದಿನ ನಿಮ್ಮ ಅಂಗಡಿಯೂ ಹೋದಂತೆ. ಆರು ವರ್ಷ ದುಡಿದು ಗಳಿಸಿದ ಹೆಸರು ಇನ್ನೊಬ್ಬರ ಪಾಸ್‌ವರ್ಡಿನಲ್ಲಿ ಇರಬಾರದು.

ಎರಡು, ಗಿರಾಕಿಗಳು ಕಟ್ಟುವ ಹಣ ನೇರವಾಗಿ ನಿಮ್ಮ ಖಾತೆಗೇ ಬರಬೇಕು. "ನಮ್ಮ ಖಾತೆಗೆ ಬರುತ್ತೆ, ತಿಂಗಳ ಕೊನೆಗೆ ನಿಮಗೆ ಹಾಕ್ತೀವಿ" ಎಂಬ ಮಾತಿಗೆ ಒಪ್ಪಬೇಡಿ.

ಮೂರು, ಗಿರಾಕಿಗಳ ಹೆಸರು, ನಂಬರು, ವಿಳಾಸದ ಪಟ್ಟಿ ಕೇಳಿದಾಗಲೆಲ್ಲ ನಿಮ್ಮ ಕೈಗೆ ಸಿಗಬೇಕು, ಬೇರೆಯವರಿಗೆ ಅದನ್ನು ಮಾರಕೂಡದು. ಅವರು ನಂಬರು ಕೊಟ್ಟಿರುವುದು ನಿಮ್ಮ ಮುಖ ನೋಡಿ.

ನಾಲ್ಕು, ಹಣ ಮೂರು ಕಂತಿನಲ್ಲಿ. ಸ್ವಲ್ಪ ಮುಂಗಡ, ಕೆಲಸ ಕಣ್ಣಿಗೆ ಕಂಡಾಗ ಸ್ವಲ್ಪ, ಹತ್ತು ಆರ್ಡರ್ ಸರಿಯಾಗಿ ಬಂದ ಮೇಲೆ ಉಳಿದದ್ದು. ಎರಡನೇ ವರ್ಷದಿಂದ ಏನೇನು ಕಟ್ಟಬೇಕು ಎಂಬುದೂ ಆ ಕಾಗದದಲ್ಲಿ ಇರಲಿ. ಮನೆ ಕಟ್ಟುವ ಮೇಸ್ತ್ರಿಯ ಹತ್ತಿರ ನಾವು ಹೀಗೇ ಅಲ್ಲವೇ ಮಾಡುವುದು? ಇವರ ಹತ್ತಿರ ಮಾತ್ರ ಸಂಕೋಚವೇಕೆ?

"ನಮಗೇನು ತಿಳಿಯುತ್ತೆ, ಗಂಡಸರು ನೋಡಿಕೊಳ್ಳಲಿ" ಎಂದು ಇದನ್ನು ಬಿಟ್ಟುಕೊಡಬೇಡಿ, ಸೋದರಿಯರೇ. ಬೇಳೆಯ ಬೆಲೆ ಏರಿದರೆ ಹಪ್ಪಳದ ಬೆಲೆ ಎಷ್ಟು ಏರಿಸಬೇಕು, ಯಾವ ಮನೆಗೆ ಸಾಲ ಕೊಡಬಹುದು, ಯಾವ ಮನೆಗೆ ಕೂಡದು, ಮಳೆಗಾಲಕ್ಕೆ ಎಷ್ಟು ದಾಸ್ತಾನು ಬೇಕು, ಇಷ್ಟೆಲ್ಲ ತೂಗಿ ನೋಡುವ ನಮಗೆ ಇದು ದೊಡ್ಡದಲ್ಲ. ಕೇಳಿದ್ದು ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳಿ. ಎರಡು ಸಲ ಕೇಳಿದರೆ ಬೇಸರಪಡುವವರ ಕೈಗೆ ದುಡ್ಡು ಕೊಡಲೇಬೇಡಿ.

ನಿಮ್ಮಲ್ಲಿ ಯಾರಾದರೂ ಈಗಾಗಲೇ ಆ್ಯಪನ್ನೋ ವೆಬ್ ಆ್ಯಪನ್ನೋ ಮಾಡಿಸಿದ್ದರೆ ಎಷ್ಟು ಖರ್ಚಾಯಿತು, ಎಷ್ಟು ಆರ್ಡರ್ ಅದರಿಂದ ಬಂತು ಎಂದು ಬರೆದು ತಿಳಿಸಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಇನ್ನೊಬ್ಬ ಸೋದರಿಗೆ ಅದರಿಂದ ಉಪಕಾರವಾದೀತು. ಮುಂದಿನ ಸಂಚಿಕೆಯಲ್ಲಿ, ಬಹಳ ಜನ ಕೇಳಿರುವ ಹಾಗೆ, ಪರ ಊರಿಗೆ ಕಳಿಸುವ ಹಪ್ಪಳ ಸಂಡಿಗೆ ದಾರಿಯಲ್ಲಿ ಮುರಿಯದಂತೆ ಕಟ್ಟುವುದು ಹೇಗೆ ಎಂದು ನೋಡೋಣ. ಅಲ್ಲಿಯವರೆಗೆ ನಿಮ್ಮ ಕೈಗೆ ಬಿಡುವಿಲ್ಲದಷ್ಟು ಕೆಲಸ, ಪೆಟ್ಟಿಗೆಯಲ್ಲಿ ನಾಲ್ಕು ಕಾಸು ಇರಲಿ ಎಂದು ಹಾರೈಸುತ್ತೇನೆ.